ಕಡ್ಡಿಯ ಮೇಲಿದ್ದಾಗಲೇ ಅಳತೆ

ಚಳಿಗಾಲ ಬಂತೆಂದರೆ ಅಟ್ಟದ ಮೇಲಿನ, ಬೀರುವಿನ ಮೂಲೆಯ ಉಲ್ಲನ್ ಉಂಡೆಗಳೆಲ್ಲ ಹೊರಗೆ ಬರುತ್ತವೆ. ಸ್ವೆಟರ್ ಹೇಗೆ ಹೆಣೆಯಬೇಕು ಎಂದು ನಾನು ಇವತ್ತು ಹೇಳಲು ಹೊರಟಿಲ್ಲ. ಈ ಕಾರ್ಯಕ್ರಮ ಕೇಳುತ್ತಿರುವ ಎಷ್ಟೋ ಜನಕ್ಕೆ ಅದು ನನಗಿಂತ ಚೆನ್ನಾಗಿ ಗೊತ್ತು. ಹೆಣೆಯುತ್ತಿರುವುದು ಮೈಗೆ ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ಯಾವ ಹೊತ್ತಿನಲ್ಲಿ, ಹೇಗೆ ನೋಡಿಕೊಳ್ಳಬೇಕು ಎನ್ನುವುದಷ್ಟೇ ಇವತ್ತಿನ ಮಾತು.

ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ತಿಂಗಳುಗಟ್ಟಲೆ ಕೂತು ಹೆಣೆದ ಸ್ವೆಟರ್ ಹಾಕಿಕೊಂಡ ಗಳಿಗೆಯಲ್ಲೇ ಭುಜದಿಂದ ಜಾರುತ್ತದೆ, ತೋಳು ಬೆರಳಿನ ತನಕ ಇಳಿಯುತ್ತದೆ, ಇಲ್ಲವೇ ಕುತ್ತಿಗೆಯಲ್ಲಿ ತಲೆಯೇ ತೂರುವುದಿಲ್ಲ. "ಇರಲಿ ಬಿಡೇ, ಮನೇಲಿ ಹಾಕ್ಕೊಳ್ಳೋಕೆ ಆಗತ್ತೆ" ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಅಲ್ಲಿಗೆ ಅದು ಬೀರು ಸೇರಿತು ಎಂದೇ ಅರ್ಥ. ಹೆಣೆದವರ ಕೈ ಚೆನ್ನಾಗಿಲ್ಲ ಎಂದಲ್ಲ. ಕಡ್ಡಿಯ ಮೇಲೆ ಇದ್ದಾಗ ಕೇಳಬೇಕಾದ ಪ್ರಶ್ನೆಯನ್ನು ಹೊಲಿದು ಮುಗಿಸಿದ ಮೇಲೆ ಕೇಳಿದರು, ಅಷ್ಟೆ.

ದರ್ಜಿಯ ಕೈಗೆ ಬಟ್ಟೆ ಸಿದ್ಧವಾಗಿಯೇ ಬರುತ್ತದೆ. ಎರಡು ಮೀಟರ್ ಎಂದರೆ ಎರಡೇ ಮೀಟರ್. ಕತ್ತರಿ ಆಡಿಸಿದ ಮೇಲೆ ಹೆಚ್ಚಿಸುವಂತಿಲ್ಲವಾದ್ದರಿಂದ ಅವರು ಒಳಗೆ ಒಂದಿಷ್ಟು ಬಟ್ಟೆ ಬಿಟ್ಟು ಹೊಲಿಯುತ್ತಾರೆ, ಮುಂದೆ ಬಿಗಿಯಾದರೆ ಬಿಚ್ಚಿ ಬಿಡಲಿಕ್ಕೆ. ಹೆಣೆಯುವವರ ಕೈಯಲ್ಲಿ ಬಟ್ಟೆಯೇ ಇರುವುದಿಲ್ಲ, ಇರುವುದು ಬರೀ ದಾರ. ಬಟ್ಟೆ, ಉಡುಪು ಎರಡೂ ಒಂದೇ ಹೊತ್ತಿಗೆ, ಸಾಲು ಸಾಲಾಗಿ ಹುಟ್ಟಬೇಕು. ಒಳಗೆ ಬಿಡಲು ಹೆಚ್ಚುವರಿ ಬಟ್ಟೆ ಎಂಬುದೇ ಇಲ್ಲ. ಅದರ ಬದಲು ದರ್ಜಿಗಿಲ್ಲದ ಒಂದು ಅನುಕೂಲ ನಮಗಿದೆ: ಎಲ್ಲಿ ಬೇಕಾದರೂ ನಿಲ್ಲಿಸಿ ನೋಡಬಹುದು, ಬೇಡವೆನಿಸಿದರೆ ಬಿಚ್ಚಿ ಮತ್ತೆ ದಾರ ಮಾಡಿಕೊಳ್ಳಬಹುದು. ಈ ಅನುಕೂಲವನ್ನು ಬಳಸಿಕೊಳ್ಳದೆ ಕೊನೆಯ ತನಕ ಕಣ್ಣುಮುಚ್ಚಿ ಹೆಣೆಯುವುದು ನನಗೆ ಅರ್ಥವಾಗದ ಸಂಗತಿ. ಅಂದಹಾಗೆ, ಅಳತೆಯ ಈ ತಾಪತ್ರಯ ನಮ್ಮ ಹಳೆಯ ಉಡುಪುಗಳಿಗೆ ಇರಲೇ ಇಲ್ಲ. ಸೀರೆಗೂ ಪಂಚೆಗೂ ಸೊಂಟದ ಸುತ್ತಳತೆ ಕೇಳಿದವರಿಲ್ಲ. ಕುರುಬರ ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದುಕೊಂಡರೆ ಅಪ್ಪನಿಗೂ ಅದೇ, ಮಗನಿಗೂ ಅದೇ. ತೋಳು, ಕೊರಳು ಇರುವ ಉಡುಪು ಬಂದ ಮೇಲೆ ಅಳತೆಯೂ ಬಂತು.

ಮೊದಲು ಸ್ವಲ್ಪ ಲೆಕ್ಕ. ಕಾಗದ ಪೆನ್ಸಿಲ್ ಹತ್ತಿರವಿದ್ದರೆ ಬರೆದುಕೊಳ್ಳಿ. ಎದೆಯ ಸುತ್ತಳತೆ 36 ಇಂಚು ಎಂದಿಟ್ಟುಕೊಳ್ಳೋಣ. ಸ್ವೆಟರಿಗೆ 2 ಇಂಚು ಸಡಿಲ ಸೇರಿಸಿದರೆ 38 ಇಂಚು. ಮಧ್ಯಮ ದಪ್ಪದ ದಾರ, ಎಂಟನೇ ನಂಬರ್ ಕಡ್ಡಿ. 4 ಇಂಚಿಗೆ 22 ಕುಣಿಕೆ ಬರುತ್ತದೆ, ಅಂದರೆ ಇಂಚಿಗೆ ಐದೂವರೆ. 38 ಇಂಚಿಗೆ 209, ಸುಲಭಕ್ಕೆ 210 ಕುಣಿಕೆ ಎನ್ನಿ. ಈಗ ನಿಮ್ಮ ಕೈ ಸ್ವಲ್ಪ ಸಡಿಲ, ಇಂಚಿಗೆ ಐದೇ ಬರುತ್ತಿದೆ. ಅದೇ 210 ಕುಣಿಕೆ 42 ಇಂಚಿನ ಸ್ವೆಟರ್ ಆಗುತ್ತದೆ. ಕೈ ಬಿಗಿಯಾಗಿ ಇಂಚಿಗೆ ಆರು ಬಂದರೆ 35 ಇಂಚು, ಎದೆಯ ಅಳತೆಗಿಂತಲೂ ಒಂದು ಇಂಚು ಚಿಕ್ಕದು! ಇಂಚಿನಲ್ಲಿ ಅರ್ಧ ಕುಣಿಕೆ ಕಣ್ಣಿಗೆ ಕಾಣುವುದೇ ಇಲ್ಲ. ಸುತ್ತಳತೆಗೆ ಬಂದಾಗ ಅದೇ ಅರ್ಧ ಕುಣಿಕೆ ಮೂರು ನಾಲ್ಕು ಇಂಚಾಗಿ ಎದುರು ನಿಲ್ಲುತ್ತದೆ. ಅದಕ್ಕೇ ಎಣಿಸುವಾಗ ಒಂದು ಇಂಚನ್ನಲ್ಲ, ನಾಲ್ಕು ಇಂಚನ್ನು ಅಳೆಯಬೇಕು. ಕೊನೆಯಲ್ಲಿ ಅರ್ಧ ಕುಣಿಕೆ ಬಂದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಡ್ಡಿಯ ನಂಬರಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ನಂಬರುಗಳೇ ನಡೆಯುತ್ತಿವೆ. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ: ಎಂಟನೇ ನಂಬರ್ 4 ಮಿಲಿಮೀಟರ್, ಹತ್ತನೇ ನಂಬರ್ 3.25. ಅಮೆರಿಕದಲ್ಲಿ ಇದು ತಲೆಕೆಳಗು. ಅಲ್ಲಿ ನಂಬರ್ ಏರಿದಷ್ಟೂ ಕಡ್ಡಿ ದಪ್ಪ, ಅಲ್ಲಿಯ ಎಂಟು ಎಂದರೆ 5 ಮಿಲಿಮೀಟರ್. ಅಲ್ಲಿರುವ ಮಗಳೋ ಸೊಸೆಯೋ ಕಳಿಸಿದ ಪುಸ್ತಕ ನೋಡಿ ಇಲ್ಲಿಯ ಎಂಟನೇ ನಂಬರ್ ಕಡ್ಡಿ ಹಿಡಿದರೆ ಸ್ವೆಟರ್ ಕುಗ್ಗಿತೆಂದೇ ತಿಳಿಯಿರಿ. ನಂಬರನ್ನು ಬಿಟ್ಟು ಮಿಲಿಮೀಟರ್ ನೋಡಿ.

ಇನ್ನು ಮಾದರಿ ತುಂಡು. ಹೆಣಿಗೆಯ ಪುಸ್ತಕಗಳೆಲ್ಲ ಹೇಳುತ್ತವೆ: ಮೊದಲು ಅಂಗೈ ಅಗಲದ ಒಂದು ತುಂಡು ಹೆಣೆದು ಅಳೆಯಿರಿ, ಆಮೇಲೆ ಸ್ವೆಟರ್ ಶುರು ಮಾಡಿ. ಸರಿಯಾದ ಮಾತೇ. ಆದರೆ ಅಂಗೈ ಅಗಲ ಸಾಲದು, ಆರು ಇಂಚಾದರೂ ಇರಲಿ, ಯಾಕೆಂದರೆ ಅಂಚಿನ ಕುಣಿಕೆಗಳು ಎಳೆದುಕೊಂಡಿರುತ್ತವೆ, ನಡುವಿನ ನಾಲ್ಕು ಇಂಚಷ್ಟೇ ನಂಬಿಕೆಗೆ ಅರ್ಹ. ಮುಂದೆ ಸ್ವೆಟರನ್ನು ಹೇಗೆ ಒಗೆಯುತ್ತೀರೋ ಹಾಗೆಯೇ ಆ ತುಂಡನ್ನೂ ಒಗೆದು, ಒಣಗಿಸಿ, ಆಮೇಲೆ ಅಳೆಯಿರಿ. ನಿಜವಾದ ಉಣ್ಣೆ ನೀರು ಕುಡಿದ ಮೇಲೆ ಮೈ ಬಿಟ್ಟುಕೊಳ್ಳುತ್ತದೆ, ಕುಣಿಕೆಗಳು ತಮ್ಮ ಜಾಗ ಹುಡುಕಿಕೊಂಡು ಕೂರುತ್ತವೆ. ಮಷೀನಿನಲ್ಲಿ ಒಗೆಯಬಹುದು ಎಂದು ಲೇಬಲ್ ಇರುವ ಉಣ್ಣೆ ಉದ್ದಕ್ಕೆ ಇಳಿಯುವುದು ಹೆಚ್ಚು. ನಮ್ಮಲ್ಲಿ ಬಹಳ ಮಂದಿ ಬಳಸುವ ಅಕ್ರಿಲಿಕ್ ನೀರಿಗೆ ಅಷ್ಟಾಗಿ ಬದಲಾಗುವುದಿಲ್ಲ. ಅದಕ್ಕೆ ಇಸ್ತ್ರಿಪೆಟ್ಟಿಗೆ ಮುಟ್ಟಿಸಿದರೆ ಮಾತ್ರ ಚಪ್ಪಟೆಯಾಗಿ ಜೋತುಬಿದ್ದು ಮತ್ತೆ ಎದ್ದೇಳುವುದಿಲ್ಲ. ಹತ್ತಿ ದಾರ ತನ್ನ ಭಾರಕ್ಕೇ ಜಗ್ಗುತ್ತದೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತಾರೆ. ಮಾದರಿ ತುಂಡನ್ನೂ ಹಾಗೆಯೇ ನಂಬಿಬಿಡುವವರಿದ್ದಾರೆ. ನಾನು ನಂಬುವುದಿಲ್ಲ. ಅಗುಳು ಅದೇ ಪಾತ್ರೆಯಲ್ಲಿ, ಅದೇ ಬೆಂಕಿಯಲ್ಲಿ ಬೆಂದದ್ದು. ಮಾದರಿ ತುಂಡನ್ನು ನಾವು ಹೆಣೆಯುವುದು ಅಳತೆ ನೋಡುತ್ತಿದ್ದೇವೆ ಎಂಬ ಪ್ರಜ್ಞೆಯಿಂದ, ಮೈಯೆಲ್ಲ ಕಣ್ಣಾಗಿ, ಮೂವತ್ತು ಕುಣಿಕೆಯ ಮೇಲೆ. ಸ್ವೆಟರ್ ಹೆಣೆಯುವುದು ಟಿ.ವಿ. ಮುಂದೆ, ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ. ಮನಸ್ಸು ಬಿಗಿಯಾದರೆ ದಾರವೂ ಬಿಗಿ. ಮೇಲಾಗಿ ಸೀದಾ ಸಾಲಿಗಿಂತ ಉಲ್ಟಾ ಸಾಲು ಬಹಳ ಜನರ ಕೈಯಲ್ಲಿ ಸಡಿಲ. ತುಂಡನ್ನು ಹಿಂದೆ ಮುಂದೆ ತಿರುಗಿಸಿ ಹೆಣೆದು, ಸ್ವೆಟರನ್ನು ಸರ್ಕ್ಯುಲರ್ ಕಡ್ಡಿಯಲ್ಲಿ ಸುತ್ತಿಗೆ ಸುತ್ತು ಬರೀ ಸೀದಾ ಹೆಣೆದರೆ ಲೆಕ್ಕ ತಪ್ಪಿತು. ಜಡೆ ವಿನ್ಯಾಸ ಹಾಕುವವರಂತೂ ಆ ಜಡೆಯನ್ನೇ ತುಂಡಿನಲ್ಲೂ ಹಾಕಬೇಕು, ಅದು ಬಟ್ಟೆಯ ಅಗಲವನ್ನು ಎಷ್ಟು ನುಂಗುತ್ತದೆ ಎಂದು ಹೆಣೆಯದೆ ತಿಳಿಯದು.

ಹಾಗಾಗಿ ತುಂಡನ್ನು ಕಡ್ಡಿ ಆರಿಸಲು ಮಾತ್ರ ಬಳಸಿ. ನಿಜವಾದ ಪರೀಕ್ಷೆ ಸ್ವೆಟರಿನ ಮೊದಲ ನಾಲ್ಕೈದು ಇಂಚು. ಬಾರ್ಡರ್ ಮುಗಿದು ಮೈ ಶುರುವಾಗಿ ಮೂರು ಇಂಚಾದ ಮೇಲೆ ಒಮ್ಮೆ ನಿಲ್ಲಿಸಿ ಎಣಿಸಿ. ಆಗ ಬಿಚ್ಚಬೇಕಾಗಿ ಬಂದರೂ ಹೋಗುವುದು ಒಂದು ವಾರದ ಸಂಜೆಗಳು. ಇನ್ನೂ ಜಾಣತನವೆಂದರೆ ತೋಳಿನಿಂದ ಆರಂಭಿಸುವುದು. ಒಂದು ತೋಳು ಹೆಣೆದರೆ ಮಾದರಿ ತುಂಡೂ ಆಯಿತು, ತೋಳೂ ಆಯಿತು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ ಎಂಬ ಹೆಣಿಗೆಯ ಗುರು ಇದೇ ಕೆಲಸಕ್ಕೆ ಟೋಪಿ ಹೆಣೆಯಿರಿ ಎನ್ನುತ್ತಿದ್ದರು. ಅಳತೆ ಸಿಕ್ಕಿದ ಮೇಲೂ ಟೋಪಿ ಯಾರ ತಲೆಗಾದರೂ ಆಗುತ್ತದೆ.

ಅಳತೆ ಯಾರ ಮೇಲೆ ತೆಗೆಯಬೇಕು? ಮೈ ಮೇಲೆ ಎನ್ನುತ್ತೀರಿ. ನಾನು ಹೇಳುವುದು: ಅವರು ಇಷ್ಟಪಟ್ಟು ಹಾಕಿಕೊಳ್ಳುವ ಒಂದು ಹಳೆಯ ಸ್ವೆಟರ್ ಮೇಲೆ. ಅದನ್ನು ಮಂಚದ ಮೇಲೆ ಸುಕ್ಕಿಲ್ಲದೆ ಹರಡಿ, ಕಂಕುಳಿಂದ ಕಂಕುಳಿಗೆ, ಭುಜದ ಒಂದು ಹೊಲಿಗೆಯಿಂದ ಇನ್ನೊಂದಕ್ಕೆ, ಕಂಕುಳಿಂದ ಬಾರ್ಡರ್ ತುದಿಗೆ ಅಳೆದುಕೊಳ್ಳಿ. ಮೈಯ ಅಳತೆಗೆ ಎಷ್ಟು ಸಡಿಲ ಸೇರಿಸಬೇಕು ಎಂಬ ಪ್ರಶ್ನೆಗೆ ಆ ಸ್ವೆಟರ್ ಉತ್ತರ ಕೊಟ್ಟಾಗಿರುತ್ತದೆ. ಮೈಗಂಟಿದಂತೆ ಬೇಕೆನ್ನುವವರಿಗೆ ಸ್ವೆಟರ್ ಮೈಗಿಂತ ಒಂದೆರಡು ಇಂಚು ಚಿಕ್ಕದೇ ಇರಬಹುದು, ಹೆಣಿಗೆ ಹಿಗ್ಗುತ್ತದೆ. ಷರಟಿನ ಮೇಲೆ ಹಾಕುವ ಗಂಡಸರಿಗೆ ಮೂರು ನಾಲ್ಕು ಇಂಚು ಹೆಚ್ಚು ಬೇಕು. ಸೀರೆಯ ಮೇಲೆ ಹಾಕುವ ಕಾರ್ಡಿಗನ್ನಿನ ಕಥೆಯೇ ಬೇರೆ, ಇದನ್ನು ಯಾವ ಇಂಗ್ಲಿಷ್ ಪುಸ್ತಕವೂ ನನಗೆ ಹೇಳಿಕೊಡಲಿಲ್ಲ. ಹಾಕಿಕೊಳ್ಳುವವರು ಸೆರಗನ್ನು ಸ್ವೆಟರಿನ ಒಳಗೆ ಬಿಡುತ್ತಾರೋ ಹೊರಗೆ ಹೊದೆಯುತ್ತಾರೋ ಕೇಳಿಕೊಳ್ಳಿ. ಒಳಗೆ ಬಿಡುವವರಾದರೆ ಎಡಭುಜದ ಮೇಲೆ ಸೆರಗಿನ ಮಡಿಕೆಗಳ ದಪ್ಪ, ಹೊಟ್ಟೆಯ ಮೇಲೆ ನೆರಿಗೆಯ ದಪ್ಪ. ಸೀರೆ ಉಟ್ಟ ಮೇಲೆಯೇ ಸೊಂಟದ ಕೆಳಗಿನ ಸುತ್ತಳತೆ ತೆಗೆಯಬೇಕು. ಇಲ್ಲವಾದರೆ ಬಿಗಿ ಬಾರ್ಡರ್ ನೆರಿಗೆಯ ಮೇಲೆ ನಿಲ್ಲಲಾರದೆ ಕೂತು ಎದ್ದಾಗಲೆಲ್ಲ ಮೇಲೇರುತ್ತದೆ.

ಈಗ ಕಡ್ಡಿಯ ಮೇಲಿರುವ ಬಟ್ಟೆಯ ವಿಚಾರ. ಕಡ್ಡಿಯ ಮೇಲಿದ್ದಾಗ ಅದು ಅಗಲದ ವಿಷಯದಲ್ಲಿ ನಿಜ ಹೇಳುವುದಿಲ್ಲ. ಹದಿನಾಲ್ಕು ಇಂಚಿನ ಕಡ್ಡಿಯಲ್ಲಿ ಹತ್ತೊಂಬತ್ತು ಇಂಚಿನ ಬಟ್ಟೆ ಒತ್ತಿಕೊಂಡು ಕೂತಿರುತ್ತದೆ. ಮೇಲ್ಭಾಗ ಸುಕ್ಕುಸುಕ್ಕು, ಕೆಳಗೆ ಬಾರ್ಡರ್ ಮುದುಡಿ ಇನ್ನೂ ಕಿರಿದು. ಅದರ ಮೇಲೆ ಟೇಪು ಎಳೆದು "ಚಿಕ್ಕದಾಯಿತಲ್ಲ" ಎಂದು ಗಾಬರಿಯಾಗಿ ಬಿಚ್ಚಿದವರಿದ್ದಾರೆ. ಬಿಚ್ಚಬೇಡಿ. ಉದ್ದನೆಯ ಬೇರೆ ಬಣ್ಣದ ದಾರವನ್ನು ದಬ್ಬಣಕ್ಕೆ ಪೋಣಿಸಿ, ಕಡ್ಡಿಯ ಮೇಲಿನ ಕುಣಿಕೆಗಳನ್ನೆಲ್ಲ ಆ ದಾರಕ್ಕೆ ಸಾಗಿಸಿ. ದಾರ ಸ್ವೆಟರಿನ ಅಗಲಕ್ಕಿಂತ ಧಾರಾಳವಾಗಿ ಉದ್ದವಿರಲಿ, ತುದಿಗಳನ್ನು ಸಡಿಲವಾಗಿ ಕಟ್ಟಿ. ದಬ್ಬಣದ ತುದಿ ಮೊಂಡಾಗಿದ್ದಷ್ಟೂ ಒಳ್ಳೆಯದು, ದಾರದ ಎಳೆಯನ್ನು ಸೀಳುವುದಿಲ್ಲ. ಕಡ್ಡಿ ಹೊರಗೆ ಬಂದ ಕೂಡಲೇ ಬಟ್ಟೆ ಉಸಿರು ಬಿಟ್ಟಂತೆ ಹರಡಿಕೊಳ್ಳುತ್ತದೆ. ಈಗ ಮಂಚದ ಮೇಲೆ ಹಾಸಿ ಅಳೆಯಿರಿ. ಸುತ್ತಾಗಿ ಹೆಣೆದದ್ದಾದರೆ ಹಾಕಿಕೊಂಡೇ ನೋಡಬಹುದು. ಕಾಲು ಗಂಟೆಯ ಕೆಲಸ, ಬೇಸರದ್ದೇ. ಆದರೆ ಇದನ್ನು ಮಾಡದೆ ಉಳಿಸಿದ ಕಾಲು ಗಂಟೆಗೆ ಮುಂದೆ ಎರಡು ವಾರ ದಂಡ ತೆರಬೇಕಾದೀತು.

ಉದ್ದ ನೋಡುವಾಗ ಇನ್ನೊಂದು ಮೋಸ ಕಾದಿರುತ್ತದೆ. ಪೂರ್ತಿ ತೋಳಿನ ಹೆಂಗಸರ ಸ್ವೆಟರಿಗೆ ಸಾಮಾನ್ಯವಾಗಿ ನಾನೂರು ಐನೂರು ಗ್ರಾಂ ದಾರ ಹಿಡಿಯುತ್ತದೆ. ಮಂಚದ ಮೇಲೆ ಮಲಗಿದ್ದಾಗ ಆ ಭಾರ ಗೊತ್ತಾಗುವುದಿಲ್ಲ. ಭುಜದ ಮೇಲೆ ನಿಂತಾಗ ಅಷ್ಟೂ ಭಾರ ಕುಣಿಕೆಗಳನ್ನು ಕೆಳಕ್ಕೆ ಜಗ್ಗುತ್ತದೆ, ಉದ್ದ ಹೆಚ್ಚುತ್ತದೆ, ಅಗಲ ಅಷ್ಟೇ ಕಡಿಮೆಯಾಗುತ್ತದೆ. ಆದ್ದರಿಂದ ಹಾಸಿ ಒಮ್ಮೆ, ತೂಗುಹಾಕಿ ಒಮ್ಮೆ ಅಳೆಯಿರಿ. ಬೆನ್ನಿನ ಭಾಗವನ್ನು ಹ್ಯಾಂಗರಿಗೆ ಬಟ್ಟೆಯ ಕ್ಲಿಪ್ಪು ಹಾಕಿ ರಾತ್ರಿಯಿಡೀ ನೇತುಹಾಕಿದರೆ ಬೆಳಿಗ್ಗೆ ಎಷ್ಟು ಇಳಿದಿದೆ ಎಂದು ತಿಳಿಯುತ್ತದೆ. ದಪ್ಪ ದಾರದ, ಸಡಿಲ ಹೆಣಿಗೆಯ ಸ್ವೆಟರಿನಲ್ಲಿ ಈ ವ್ಯತ್ಯಾಸ ಇಂಚಿನ ಮೇಲೂ ಹೋಗಬಹುದು. ಸಣ್ಣ ದಾರದ ಬಿಗಿ ಹೆಣಿಗೆಯಲ್ಲಿ ಅಷ್ಟು ಚಿಂತೆಯಿಲ್ಲ.

ಹಿಂದೆ ಮುಂದೆ ಎರಡೂ ಭಾಗ ಒಂದೇ ಉದ್ದ ಇರಬೇಕಲ್ಲ, ಅಲ್ಲಿ ಮಾತ್ರ ಟೇಪನ್ನು ಪೆಟ್ಟಿಗೆಗೆ ಹಾಕಿ. ಸಾಲು ಎಣಿಸಿ. ಟೇಪು ಎಳೆದ ಕೈಯ ಮರ್ಜಿಯಂತೆ ಅರ್ಧ ಇಂಚು ಹಿಂದೆ ಮುಂದೆ ಆಗುತ್ತದೆ, ಸಾಲಿನ ಲೆಕ್ಕ ಆಗುವುದಿಲ್ಲ. ಪ್ರತಿ ಇಪ್ಪತ್ತನೇ ಸಾಲಿಗೆ ಬೇರೆ ಬಣ್ಣದ ದಾರದ ತುಣುಕೊಂದನ್ನು ಸಿಕ್ಕಿಸುತ್ತ ಹೋದರೆ ಎಣಿಸುವ ತಲೆನೋವೂ ಇಲ್ಲ.

ಎದೆಯ ಸುತ್ತಳತೆಯ ಬಗ್ಗೆ ಇಷ್ಟೆಲ್ಲ ಹೇಳಿದೆ. ಆದರೆ ಸ್ವೆಟರ್ ಕೂರುವುದೂ ಕೆಡುವುದೂ ಭುಜದಲ್ಲಿ, ಕಂಕುಳಲ್ಲಿ. ಎದೆಯಲ್ಲಿ ಎರಡು ಇಂಚು ಹೆಚ್ಚಾದರೆ ಯಾರೂ ಗಮನಿಸುವುದಿಲ್ಲ. ಭುಜದಲ್ಲಿ ಒಂದು ಇಂಚು ಹೆಚ್ಚಾದರೆ ಬೇರೆಯವರ ಸ್ವೆಟರ್ ಹಾಕಿಕೊಂಡಂತೆ ಕಾಣುತ್ತದೆ. ವಯಸ್ಸಾದಂತೆ ಎದೆ ಹೊಟ್ಟೆ ತುಂಬಿಕೊಳ್ಳುತ್ತವೆ, ಭುಜದ ಮೂಳೆ ಬೆಳೆಯುವುದಿಲ್ಲ. ಪುಸ್ತಕದಲ್ಲಿ ದೊಡ್ಡ ಅಳತೆಗೆ ಹೋದ ಹಾಗೆಲ್ಲ ಭುಜವನ್ನೂ ಅಗಲ ಮಾಡುತ್ತಾ ಹೋಗುತ್ತಾರೆ. ಎದೆ 42 ಇಂಚಿದ್ದರೂ ಭುಜ 36ರವರಷ್ಟೇ ಇರುವ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ! ಅವರಿಗೆ ಕಂಕುಳಿನ ಹತ್ತಿರ ಪುಸ್ತಕ ಹೇಳಿದ್ದಕ್ಕಿಂತ ಹೆಚ್ಚು ಕುಣಿಕೆ ಇಳಿಸಿ, ಬೆನ್ನಿನ ಅಗಲವನ್ನು ಮೂಳೆಯಿಂದ ಮೂಳೆಗೆ ತಂದು ನಿಲ್ಲಿಸಬೇಕು.

ಕಂಕುಳಿನ ಆಳ ತೆಗೆಯುವುದು ಹೀಗೆ. ಸ್ಕೇಲನ್ನು ಕಂಕುಳಲ್ಲಿ ಅಡ್ಡಲಾಗಿ ಇಟ್ಟುಕೊಂಡು ನಿಲ್ಲಲು ಹೇಳಿ. ಭುಜದ ಮೂಳೆಯ ತುದಿಯಿಂದ ಸ್ಕೇಲಿನ ತನಕ ನೆಟ್ಟಗೆ ಅಳೆದು, ಒಂದು ಇಂಚು ಸೇರಿಸಿ. ಹೆಣೆದ ಭಾಗದಲ್ಲಿ ಅಳೆಯುವಾಗಲೂ ಕಂಕುಳಿನ ಬಾಗಿದ ಅಂಚಿನ ಮೇಲೆ ಟೇಪು ಹಾಯಿಸಬೇಡಿ, ಅದು ಉದ್ದ ತೋರಿಸುತ್ತದೆ. ಕುಣಿಕೆ ಇಳಿಸಲು ಶುರುಮಾಡಿದ ಸಾಲಿನಿಂದ ನೇರ ಮೇಲಕ್ಕೆ ಅಳೆಯಿರಿ. ಇಲ್ಲಿ ಸಾಲಿನ ಲೆಕ್ಕವೂ ಬಂತು: 4 ಇಂಚಿಗೆ 28 ಸಾಲು ಎಂದರೆ ಇಂಚಿಗೆ 7, ಎಂಟು ಇಂಚಿನ ಆಳಕ್ಕೆ 56 ಸಾಲು. ನಿಮ್ಮ ಕೈಯಲ್ಲಿ ಇಂಚಿಗೆ 8 ಸಾಲು ಬರುತ್ತಿದ್ದರೆ ಪುಸ್ತಕದ 56 ಸಾಲು ಹೆಣೆದಾಗ ಸಿಗುವುದು ಏಳೇ ಇಂಚು, ಕಂಕುಳು ಹಿಡಿಯುತ್ತದೆ. ಅಗಲದ ಲೆಕ್ಕ ಹಿಡಿದವರೂ ಉದ್ದದ ಲೆಕ್ಕವನ್ನು ಬಿಟ್ಟುಬಿಡುವುದು ಇಲ್ಲೇ.

ಬಿಗಿಯಾಗಬಹುದೆಂಬ ಹೆದರಿಕೆಗೆ ಕೆಲವರು ಕಂಕುಳನ್ನು ಆಳ ಮಾಡಿಬಿಡುತ್ತಾರೆ, ಕೈ ಆಡಲಿ ಎಂದು. ಆಗುವುದು ಇದಕ್ಕೆ ವಿರುದ್ಧ. ಕಂಕುಳು ಕೆಳಗಿಳಿದಷ್ಟೂ ತೋಳು ಮೈಯ ಜೊತೆ ಕೆಳಗೆ ಸೇರಿಕೊಳ್ಳುತ್ತದೆ. ಮೇಲಿನ ಶೆಲ್ಫಿನ ಡಬ್ಬಿಗೆ ಕೈ ಚಾಚಿದರೆ ಇಡೀ ಸ್ವೆಟರ್ ಮೇಲೆ ಬರುತ್ತದೆ. ಮೈಗೆ ಹತ್ತಿರವಾದ ಕಂಕುಳೇ ಕೈಗೆ ಹೆಚ್ಚು ಸ್ವಾತಂತ್ರ್ಯ ಕೊಡುತ್ತದೆ. ಹಾಕಿ ನೋಡುವಾಗ ಕನ್ನಡಿಯ ಮುಂದೆ ಸುಮ್ಮನೆ ನಿಂತರೆ ಸಾಲದು ಎನ್ನುವುದು ಇದಕ್ಕೇ. ಕೈ ಎತ್ತಿಸಿ, ಮುಂದಕ್ಕೆ ಚಾಚಿಸಿ, ಕುರ್ಚಿಯ ಮೇಲೆ ಕೂರಿಸಿ ನೋಡಿ.

ಬಿಡಿ ಬಿಡಿ ಭಾಗಗಳಾಗಿ ಹೆಣೆದು ಕೊನೆಗೆ ಹೊಲಿಯುವವರು ಕೇಳಬಹುದು, ನಾವು ನಡುವೆ ಹಾಕಿ ನೋಡುವುದು ಹೇಗೆಂದು. ನೀವು ಮೊದಲು ಬೆನ್ನು ಹೆಣೆದು ಮುಗಿಸಿ. ಅದನ್ನು ಒಗೆದು ಒಣಗಿಸಿ, ಯಾರಿಗೋ ಅವರನ್ನು ನಿಲ್ಲಿಸಿ, ಅವರ ಷರಟಿನ ಅಥವಾ ರವಿಕೆಯ ಬೆನ್ನಿಗೆ ಭುಜದ ಎರಡು ತುದಿಯಲ್ಲಿ, ಕಂಕುಳಿನ ಎರಡು ಕಡೆ ಪಿನ್ನು ಹಾಕಿ. ಬೆನ್ನಿನ ಅಗಲ, ಕಂಕುಳಿನ ಆಳ, ಒಟ್ಟು ಉದ್ದ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ತಪ್ಪಿದ್ದರೆ ಮುಂಭಾಗ ಇನ್ನೂ ಹುಟ್ಟೇ ಇಲ್ಲ. ಎಲ್ಲ ಭಾಗ ಮುಗಿದ ಮೇಲೂ ನೇರ ಗಟ್ಟಿ ಹೊಲಿಗೆಗೆ ಹೋಗಬೇಡಿ; ಹತ್ತಿ ನೂಲಿನಲ್ಲಿ ದೂರದೂರ ಕಚ್ಚಾ ಹೊಲಿಗೆ ಹಾಕಿ ಒಮ್ಮೆ ತೊಡಿಸಿ ನೋಡಿ. ದರ್ಜಿಯಿಂದ ನಾವು ಕಲಿಯಬೇಕಾದ ಒಂದೇ ಅಭ್ಯಾಸವಿದ್ದರೆ ಇದು.

ಕೊರಳಿನಿಂದ ಕೆಳಕ್ಕೆ ಹೆಣೆಯುವವರಿಗೆ ಈ ಕಷ್ಟ ಕಡಿಮೆ. ಅಮೆರಿಕದ ಬಾರ್ಬರಾ ವಾಕರ್ 1972ರಲ್ಲಿ 'ನಿಟ್ಟಿಂಗ್ ಫ್ರಮ್ ದ ಟಾಪ್' ಎಂಬ ಇಡೀ ಪುಸ್ತಕವನ್ನೇ ಈ ಕ್ರಮಕ್ಕೆ ಬರೆದರು. ಕೊರಳು, ಭುಜ, ಕಂಕುಳು ಮೊದಲೇ ಮುಗಿಯುತ್ತವೆ. ಕಷ್ಟದ ಜಾಗಗಳನ್ನೆಲ್ಲ ಹಾಕಿ ನೋಡಿ ತೀರ್ಮಾನಿಸಿದ ಮೇಲೆ ಮೈಯ ಉದ್ದ, ತೋಳಿನ ಉದ್ದ ನಿಮ್ಮ ಇಷ್ಟದಂತೆ. ದಾರ ಕಡಿಮೆ ಬಿದ್ದರೆ ಮೈ ಸ್ವಲ್ಪ ಗಿಡ್ಡ ಮಾಡಿದರಾಯಿತು. ಜಿಮ್ಮರ್‌ಮನ್ 1971ರಲ್ಲಿ 'ನಿಟ್ಟಿಂಗ್ ವಿದೌಟ್ ಟಿಯರ್ಸ್' ಬರೆದವರು. ಅವರು ಇನ್ನೊಂದು ಸುಲಭದ ಲೆಕ್ಕ ಕೊಟ್ಟರು: ಮೈಯ ಒಟ್ಟು ಕುಣಿಕೆಯನ್ನು ನೂರು ಎಂದುಕೊಂಡರೆ ಮಣಿಕಟ್ಟಿಗೆ ಇಪ್ಪತ್ತು, ಮೇಲ್ದೋಳಿಗೆ ಮೂವತ್ತಮೂರರಿಂದ ಮೂವತ್ತೈದು, ಕಂಕುಳಿಗೆ ಎಂಟು, ಕೊರಳಿಗೆ ನಲವತ್ತು. ಮೈಗೆ 200 ಕುಣಿಕೆ ಇದ್ದರೆ ಮಣಿಕಟ್ಟಿಗೆ 40, ಕೊರಳಿಗೆ 80. ಸೊಗಸಾದ ಲೆಕ್ಕ. ಆದರೂ ಶೇಕಡಾವಾರು ತೋಳುಗಳು ಎಲ್ಲರಿಗೂ ಇರುವುದಿಲ್ಲ, ನೋಡಿ. ಮಣಿಕಟ್ಟು ಸಣ್ಣ, ಮೇಲ್ದೋಳು ದಪ್ಪ ಇರುವವರಿಗೆ ಕುಣಿಕೆ ಕೂಡಿಸುತ್ತ ಬಂದು ಮೊಣಕೈ ದಾಟಿದ ಮೇಲೆ ಒಮ್ಮೆ ತೋಳಿಗೆ ಸುತ್ತಿ ನೋಡಲೇಬೇಕು.

ತೋಳಿನ ಉದ್ದವನ್ನು ತೋಳಿನಲ್ಲಿ ಮಾತ್ರ ಅಳೆದರೆ ತಪ್ಪುತ್ತದೆ. ಭುಜ ಅಗಲವಾದರೆ ಅದು ತೋಳಿನ ಉದ್ದವನ್ನು ತಿನ್ನುತ್ತದೆ. ಕತ್ತಿನ ಹಿಂದಿನ ನಡುಮೂಳೆಯಿಂದ ಭುಜದ ಮೇಲೆ ಹಾದು, ಮೊಣಕೈ ಸ್ವಲ್ಪ ಮಡಚಿಸಿ, ಮಣಿಕಟ್ಟಿನ ತನಕ ಅಳೆಯಿರಿ. 29 ಇಂಚು ಬಂತು, ಸ್ವೆಟರಿನ ಬೆನ್ನಗಲ 15 ಎಂದರೆ ಅದರ ಅರ್ಧ ಏಳೂವರೆ ಕಳೆದು ಉಳಿದ ಇಪ್ಪತ್ತೊಂದೂವರೆ ತೋಳಿನ ಒಟ್ಟು ಉದ್ದ. ಅದರಲ್ಲಿ ಭುಜಕ್ಕೆ ಕೂರುವ ಮೇಲಿನ ಗುಮ್ಮಟದ ಎತ್ತರ 5 ಇಂಚಾದರೆ, ಕಂಕುಳಿನ ತನಕ ಹೆಣೆಯಬೇಕಾದದ್ದು ಹದಿನಾರೂವರೆ. ಬೆನ್ನು ಮುಗಿಯದೆ ತೋಳಿನ ಉದ್ದ ತೀರ್ಮಾನಿಸಬೇಡಿ ಎನ್ನುವುದು ಇದಕ್ಕೆ. ತೋಳಿನಿಂದ ಆರಂಭಿಸಿದವರು ಕಂಕುಳಿನ ಹತ್ತಿರ ಬಂದು ಅದನ್ನು ದಾರಕ್ಕೆ ಸಾಗಿಸಿ ಕಾದಿಡಲಿ.

ಕೊರಳಿನ ಬಗ್ಗೆ ಹೆಚ್ಚಿಲ್ಲ. ದೊಡ್ಡವರ ತಲೆಯ ಸುತ್ತಳತೆ ಸುಮಾರು 22 ಇಂಚು, ಕೊನೆಯ ಸಾಲು ಮುಚ್ಚಿದ ಮೇಲೂ ಕೊರಳು ಅಷ್ಟು ಹಿಗ್ಗಬೇಕು. ಮುಚ್ಚುವಾಗ ಎರಡು ನಂಬರ್ ದಪ್ಪ ಕಡ್ಡಿ ಹಿಡಿಯಿರಿ. ಹಸುಗೂಸಿಗೆ ಹೆಣೆಯುವವರು ಮಾತ್ರ ನೆನಪಿಡಬೇಕಾದ ಒಂದು ಸಂಗತಿ ಇದೆ. ಹುಟ್ಟಿದ ಮಗುವಿನ ತಲೆ ಸುಮಾರು 35 ಸೆಂಟಿಮೀಟರ್ ಇದ್ದರೆ ಎದೆ ಅದಕ್ಕಿಂತ ಎರಡು ಸೆಂಟಿಮೀಟರ್ ಕಡಿಮೆ. ಎದೆಗೆ ಸರಿಯಾದದ್ದು ತಲೆಗೆ ತೂರದು. ಭುಜದ ಮೇಲೆ ಎರಡು ಗುಂಡಿ ಇಡಿ, ಇಲ್ಲವೇ ಮುಂದೆ ತೆರೆದಂತೆ ಹೆಣೆಯಿರಿ. ಹಸುಗೂಸನ್ನು ಎಬ್ಬಿಸಿ ಅಳತೆ ನೋಡುವ ಸಾಹಸ ಬೇಡ, ಅದರ ಹಳೆಯ ಅಂಗಿ ಸಾಕು.

ಬಿಚ್ಚುವುದಕ್ಕೆ ಹೆದರುವವರಿಗೆ ಒಂದು ಉಪಾಯ. ಕಂಕುಳಿನ ಕುಣಿಕೆ ಇಳಿಸುವ ಮೊದಲು, ನುಣುಪಾದ ಹತ್ತಿ ನೂಲನ್ನು ಆ ಸಾಲಿನ ಎಲ್ಲ ಕುಣಿಕೆಗಳ ಮೂಲಕ ಹಾಯಿಸಿ ಬಿಟ್ಟುಬಿಡಿ. ಮುಂದೆ ತಪ್ಪಿದರೆ ಧೈರ್ಯವಾಗಿ ಎಳೆಯಿರಿ, ಬಿಚ್ಚಿದ್ದು ಆ ನೂಲಿನ ಹತ್ತಿರ ಬಂದು ನಿಲ್ಲುತ್ತದೆ, ಒಂದು ಕುಣಿಕೆಯೂ ಜಾರುವುದಿಲ್ಲ. ಬಿಚ್ಚಿದ ದಾರ ಗುಂಗುರಾಗಿರುತ್ತದೆ. ಹಾಗೆಯೇ ಮತ್ತೆ ಹೆಣೆದರೆ ಅಳತೆ ಮತ್ತೊಮ್ಮೆ ಕೈಕೊಡುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಮೂರು ನಾಲ್ಕು ಕಡೆ ಕಟ್ಟಿ, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ನೆರಳಲ್ಲಿ ನೇತುಹಾಕಿ. ಉಂಡೆ ಸುತ್ತುವಾಗ ಬೆರಳು ಒಳಗಿಟ್ಟು ಸಡಿಲವಾಗಿ ಸುತ್ತಿ. ಬಿಗಿಯಾಗಿ ಸುತ್ತಿದ ಉಣ್ಣೆ ಹಿಗ್ಗಿರುತ್ತದೆ, ಸ್ವೆಟರ್ ಆದ ಮೇಲೆ ಕುಗ್ಗುತ್ತದೆ.

ಇನ್ನು ದೂರದಲ್ಲಿರುವವರಿಗೆ ಹೆಣೆಯುವ ಅಜ್ಜಿಯರು. ಇವರು ಈಗ ಬಹಳ ಮಂದಿ. ಮೊಮ್ಮಗ ಟೊರಾಂಟೊದಲ್ಲಿ, ಅಜ್ಜಿ ಮೈಸೂರಿನಲ್ಲಿ. "ಅತ್ತೆ, ಅವನ ಎದೆ ಅಳತೆ ಹೇಳಲಾ?" ಎಂದು ಸೊಸೆ ಫೋನಿನಲ್ಲಿ ಕೇಳಿದರೆ ಬೇಡವೆನ್ನಿ. ಓಡಾಡುವ ಮಗುವಿನ ಮೈಮೇಲೆ ಟೇಪು ನಿಲ್ಲುವುದಿಲ್ಲ. "ಅವನಿಗೆ ಈಗ ಸರಿಯಾಗಿ ಕೂರೋ ಸ್ವೆಟರ್ ಮಂಚದ ಮೇಲೆ ಹಾಸಿ, ಪಕ್ಕದಲ್ಲಿ ಟೇಪು ಇಟ್ಟು ಫೋಟೋ ಕಳಿಸಮ್ಮಾ" ಎನ್ನಿ. ಕಂಕುಳಿನ ಅಗಲ, ಬೆನ್ನಗಲ, ತೋಳು, ಮೂರು ಫೋಟೋ ಸಾಕು. ಹಾಕಿಕೊಳ್ಳುವವರ ಮೈಯನ್ನೇ ಕಾಣದೆ ಹೆಣೆಯುವುದು ಹೊಸದಲ್ಲ. 1962ರ ಯುದ್ಧದ ಚಳಿಗಾಲದಲ್ಲಿ ದೇಶದ ಎಷ್ಟೋ ಮನೆಗಳಲ್ಲಿ ಹೆಂಗಸರು ಹೆಸರೂ ಗೊತ್ತಿಲ್ಲದ ಯೋಧರಿಗೆ ಸ್ವೆಟರ್ ಹೆಣೆದರು. ಅಂಥ ಸಂದರ್ಭಕ್ಕೆ ಒಂದು ಸೀದಾ ಒಂದು ಉಲ್ಟಾ ಬರುವ ಬಾರ್ಡರ್ ಹೆಣಿಗೆಯನ್ನೇ ಮೈ ತುಂಬ ಹಾಕುವುದು ಒಳ್ಳೆಯದು. ಅದು ಸಣಕಲು ಮೈಗೆ ಮುದುಡಿಕೊಳ್ಳುತ್ತದೆ, ತುಂಬಿದ ಮೈಗೆ ಹಿಗ್ಗಿಕೊಳ್ಳುತ್ತದೆ.

ಬೆಳೆಯುವ ಮಕ್ಕಳ ಸ್ವೆಟರಿಗೆ ಬ್ರಿಟನ್ನಿನ ಕರಾವಳಿಯ ಬೆಸ್ತರಿಂದ ಒಂದು ಪಾಠ ತೆಗೆದುಕೊಳ್ಳಬಹುದು. ಗ್ಯಾನ್ಸಿ ಎಂದು ಕರೆಯುವ ಅವರ ಬಿಗಿ ಹೆಣಿಗೆಯ ಸ್ವೆಟರಿನಲ್ಲಿ ತೋಳನ್ನು ಭುಜದ ಅಂಚಿನಿಂದಲೇ ಕುಣಿಕೆ ಎತ್ತಿಕೊಂಡು ಮಣಿಕಟ್ಟಿನ ಕಡೆಗೆ ಹೆಣೆಯುತ್ತಾರೆ, ಕಂಕುಳಲ್ಲಿ ವಜ್ರದಾಕಾರದ ಒಂದು ಸಣ್ಣ ತುಂಡನ್ನು ಸೇರಿಸಿ ಕೈಯಾಡಲು ಜಾಗ ಕೊಡುತ್ತಾರೆ. ಬಲೆ ಎಳೆದು ಮಣಿಕಟ್ಟು ಸವೆದರೆ ಅಷ್ಟನ್ನೇ ಕೆಳಗಿನಿಂದ ಬಿಚ್ಚಿ ಮತ್ತೆ ಹೆಣೆಯಬಹುದು. ಕೆಳಗಿನಿಂದ ಮೇಲಕ್ಕೆ ಹೆಣೆದ ತೋಳಿನಲ್ಲಿ ಇದು ಇಷ್ಟು ಸುಲಭವಲ್ಲ. ನಿಮ್ಮ ಮಗುವಿನ ಸ್ವೆಟರಿಗೂ ಹೀಗೆ ತೋಳು ಹಾಕಿದರೆ ಮುಂದಿನ ಚಳಿಗಾಲಕ್ಕೆ ಬಾರ್ಡರ್ ಬಿಚ್ಚಿ ಎರಡು ಇಂಚು ಕೂಡಿಸಿ ಕೊಡಬಹುದು. ಅದಕ್ಕೆ ಈಗಲೇ ಒಂದು ಉಂಡೆ ಹೆಚ್ಚಿಗೆ ಕೊಂಡಿಡಿ, ಒಂದೇ ಲಾಟಿನದು ಎಂದು ಲೇಬಲ್ ನೋಡಿ. ಬೇರೆ ಲಾಟಿನ ಅದೇ ಬಣ್ಣ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿ ಅಂಗಳದ ಬಿಸಿಲಿಗೆ ಬಂದಾಗ ಬೇರೆಯಾಗುತ್ತದೆ. ಆ ಲೇಬಲ್ಲಿನ ಹಿಂದೆ ಕಡ್ಡಿಯ ಮಿಲಿಮೀಟರ್, ಇಂಚಿಗೆ ಎಷ್ಟು ಕುಣಿಕೆ, ಎಷ್ಟು ಸಾಲು, ಮಣಿಕಟ್ಟಿಗೆ ಒಟ್ಟು ಎಷ್ಟು ಎಂದು ಬರೆದು ಉಂಡೆಯ ಒಳಗೆ ಸಿಕ್ಕಿಸಿಡಿ. ನುಸಿ ಗುಳಿಗೆ ಹಾಕಲು ಮರೆಯಬೇಡಿ.